ಏಳನೆಯ ಗೂಡು

ಕುತಾಯಿಸಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇಪ್ಪತ್ನಾಲ್ಕು ಗೂಡಿನ ಕಬ್ಬಿಣದ ಕಪಾಟು.
ಈ ಊರು ಮುರಿದುಕೊಂಡ ಮೂಳೆಗಳ ಚಿತ್ರವೆಲ್ಲ
ಅದರ ಹೊಟ್ಟೆಯಲ್ಲಿ.
ಕೊನೆಯ ಗೂಡು ಖಾಲಿ.
ಇಪ್ಪತ್ತೆರಡರ ದೀಪ ಹಸಿರು.
ಏಳನೆಯದು ಹಳದಿ,
ಮಾಗಿದ ಹಳದಿಯಲ್ಲ, ಕಾಮಾಲೆಯದು.

ಫೋನಿನಲ್ಲಿ ಕಂಪನಿಯವನು
ಮಾಲ್ಖಾಜನಿಗೆ ಅದನ್ನೇ ಹೇಳುತ್ತಿದ್ದಾನೆ:
ಡಿಸ್ಕು ಬದಲಿಸಿ ನೋಡಿ.
ಬದಲಿಸಿದ್ದೇವೆ ಮಾರಾಯಾ,
ಡಿಸೆಂಬರಿನಲ್ಲಿ, ಜನವರಿಯಲ್ಲಿ,
ಹೋದ ಗುರುವಾರ ಮತ್ತೆ.
ತೆಗೆದದ್ದನ್ನೆಲ್ಲ ‘ಸತ್ತಿದೆ’ ಎಂದು ಬರೆದು,
ಗುಳ್ಳೆಹಾಳೆಯಲ್ಲಿ ಸುತ್ತಿ,
ತ್ಬಿಲಿಸಿಯ ಲಾರಿಗೆ ಹಾಕಿಸಿದ್ದೇನೆ.
ಸಹಿ ನನ್ನದೇ. ತ್ಸಿಯಾಲಾ, ತಂತ್ರಜ್ಞೆ.

ಹೊಸದು ಬಂದು ಕೂತಾಗ
ಉಳಿದವು ತಂತಮ್ಮ ಲೆಕ್ಕ ತೆಗೆದು
ಕೂಡಿ, ಕಳೆದು,
ಹೋದವನ ಮಾತನ್ನು ಮತ್ತೆ ಬರೆದುಕೊಡುತ್ತವೆ,
ಶೇಕಡಾ ಹತ್ತು, ಮೂವತ್ತು, ಅರವತ್ತೊಂದು.
ಅರವತ್ತೊಂದರಲ್ಲಿ ಒಂದು ಕೆಮ್ಮು,
ಮತ್ತೆ ಹಳದಿ.

ಇಬ್ಬರು ಬೀಳುವವರೆಗೆ ತಡೆದುಕೊಳ್ಳುವ ಮನೆ ಇದು.
ಮೂರನೆಯವ ಬಿದ್ದರೆ
ಲೆಕ್ಕ ಬಿಡಿಸಲು ಸಾಲದು ಸಾಕ್ಷಿ.
ಇಂದು ಬೆಳಿಗ್ಗೆ ಹದಿನೆಂಟನೆಯದೂ
ಓದುತ್ತ ಓದುತ್ತ ಎರಡು ಸಲ ತೊದಲಿದೆ.

ಮೊದಲು ನಕಲು.
ಟೇಪು ಸುತ್ತಿ ಮುಗಿಯುವಾಗ ರಾತ್ರಿ ಹನ್ನೊಂದು.
ಮಾಲ್ಖಾಜ್ ಕುರ್ಚಿಯಲ್ಲೇ ಗೊರಕೆ.
ಹೊರಗೆ ಕರಗಿದ ಹಿಮ ಕುಡಿದು
ರಿಯೋನಿ ನದಿಯೂ ಒಂದೇ ಸಮ ಗುಂಯ್ ಅನ್ನುತ್ತಿತ್ತು,
ಯಾವುದು ಫ್ಯಾನು ಯಾವುದು ನೀರು
ಗೊತ್ತಾಗದ ಹೊತ್ತಿನಲ್ಲಿ
ಏಳರ ಡಿಸ್ಕನ್ನು ಎಳೆದು
ಇಪ್ಪತ್ನಾಲ್ಕರಲ್ಲಿ ಕೂರಿಸಿದೆ.
ಡ್ರಾಯರಿನಲ್ಲಿದ್ದ ಒಂದು ಹಳೆಯದನ್ನು,
ದಿಕ್ಕಿಲ್ಲದ್ದನ್ನು, ಏಳಕ್ಕೆ ಹಾಕಿದೆ.

ಹಳೆಯದಕ್ಕೆ ಹತ್ತೇ ನಿಮಿಷಕ್ಕೆ ಹಳದಿ.
ಇಪ್ಪತ್ನಾಲ್ಕರಲ್ಲಿ ಮಾತ್ರ
ಮೂವತ್ತು, ಐವತ್ತು...
ಎರಡೂವರೆಗೆ ಅರವತ್ತೊಂದು.
ಉಸಿರು ಹಿಡಿದೆ.
ಅರವತ್ತೆರಡು.

ರೋಗ ಡಿಸ್ಕಿನ ಹಿಂದೆ ಹೋಗಿರಲಿಲ್ಲ,
ಗೂಡಿನಲ್ಲೇ ಕೂತಿತ್ತು.
ಎತ್ತಿಗೆ ಜ್ವರ ಬಂದದ್ದಕ್ಕೆ
ಎಮ್ಮೆಗೆ ಮೂರು ಸಲ ಬರೆ ಎಳೆದು
ಲಾರಿ ಹತ್ತಿಸಿದವಳು ನಾನು.

ನೂರು ಮುಟ್ಟಿದಾಗ ನಾಲ್ಕೂವರೆ.
ಸ್ವಿಚ್ಚು ಆರಿಸಿದೆ.
ಫ್ಯಾನುಗಳು ಒಂದೊಂದಾಗಿ ಸುಸ್ತಾಗಿ ನಿಂತವು,
ಆಮೇಲೆ ನದಿ ನದಿಯೇ ಆಗಿ ಕೇಳಿತು.

ನೆಲ ಒರೆಸುತ್ತಿದ್ದ ಝುಝುನಾಳನ್ನು ಕರೆದೆ,
ಟಾರ್ಚು ಹಿಡಿ ಎಂದೆ.
ಅಲುಗಲಿಲ್ಲ ಅವಳ ಕೈ.
ಬಾಯಿ ಮಾತ್ರ ಹುರುಳಿಕಾಯಿಯ ರೇಟು,
ಮೆಕ್ಕೆಜೋಳದ ಹಿಟ್ಟಿನ ರೇಟು,
ಕಳ್ಳ ಅಂಗಡಿಯವನ ಅಪ್ಪನ ಜಾತಕ
ಹೇಳುತ್ತಲೇ ಇತ್ತು.
ಗೂಡಿನ ಆಳದಲ್ಲಿ
ಸಾಲು ಚಿನ್ನದ ಹಲ್ಲು,
ಅದರಲ್ಲೊಂದು ಒಳಕ್ಕೆ ಮಡಚಿತ್ತು,
ಅಕ್ಕಿಕಾಳಿನ ಮೊಳಕೆಯಷ್ಟು.

ದಾಖಲೆ ಪುಸ್ತಕ ಹಿಂದಕ್ಕೆ ತಿರುವಿದೆ.
ನಾಲ್ಕು ವರ್ಷ ಹಿಂದೆ, ಒಂದು ಶನಿವಾರ,
ನೀಲಿ ಶಾಯಿ, ಅವಸರದ ಅಕ್ಷರ:
‘ಏಳು. ಸ್ವಲ್ಪ ಬಿಗಿ. ತಳ್ಳಿದೆ. ಸರಿಹೋಯಿತು.’
ಆ ಬರಹವನ್ನು ಎಲ್ಲಿ ಕಂಡರೂ ಗುರುತಿಸುತ್ತೇನೆ,
ಅಕ್ಷರದ ಬಾಲ ಎಳೆಯುವ ಚಟ
ಅಮ್ಮ ಬೈದರೂ ನನ್ನನ್ನು ಬಿಡಲಿಲ್ಲ.
ಆ ಶನಿವಾರ ಏನಿತ್ತು ನೆನಪಿಲ್ಲ,
ಕೊನೆಯ ಮಾರ್ಷ್ರುತ್ಕಾ ಹಿಡಿಯುವುದಿತ್ತೋ ಏನೋ,
ಸಿಕ್ಕಿತೋ ಇಲ್ಲವೋ.

ಏಳಕ್ಕೆ ಖಾಲಿ ಮುಚ್ಚಳ ಹಾಕಿದೆ.
ಪುಸ್ತಕದಲ್ಲಿ ಬರೆದೆ: ‘ಡಿಸ್ಕುಗಳ ತಪ್ಪಿಲ್ಲ.’
ಕೆಳಗೆ ‘ತಳ್ಳಬೇಡಿ’ ಎಂದು.
ಅದರ ಕೆಳಗೆ ಹೆಸರು, ಈ ಸಲ ಪೂರ್ತಿಯಾಗಿ.
ತ್ಬಿಲಿಸಿಗೆ ಫೋನು ಮಾಡಬೇಕು ಒಂಬತ್ತಕ್ಕೆ,
ಆ ಮೂರನ್ನು ಇಷ್ಟರಲ್ಲಿ ಪುಡಿ ಮಾಡಿರುತ್ತಾರೆ,
ಆದರೂ.

ಮತ್ತೆ ಹೊತ್ತಿಸಿದಾಗ ಎಲ್ಲ ಹಸಿರು.
ಹದಿನೆಂಟರ ತೊದಲು ಇನ್ನೂ ಇದೆ.
ಅದರ ಗೂಡನ್ನೂ ನೋಡೋಣವೆಂದು ತಿರುಗಿದರೆ
ಝುಝುನಾ ಆಗಲೇ ಟಾರ್ಚು ಬಿಚ್ಚಿ
ಬ್ಯಾಟರಿ ಎರಡನ್ನೂ ಜೇಬಿಗೆ ಹಾಕಿಕೊಂಡಿದ್ದಳು.
ಅವು ಅವಳ ಮನೆಯ ರೇಡಿಯೋದವಂತೆ.