ಮೇ ತಿಂಗಳ ಮೂಗು

ಈ ಊರಲ್ಲಿ ನನ್ನ ಮೂಗಿಗೆ ಸಂಬಳ ಕೊಡುತ್ತಾರೆ.
ಮಾರ್ತೋಸ್‌ನ ಎಣ್ಣೆ ಗಾಣದ ಹಿಂಬದಿಯ ಕೋಣೆಯಲ್ಲಿ
ನೀಲಿ ಗಾಜಿನ ಪುಟ್ಟ ಬಟ್ಟಲು.
ಎಣ್ಣೆಯ ಬಣ್ಣ ಕಂಡು ಕಣ್ಣು ಮೋಸಹೋಗಬಾರದೆಂದೇ ನೀಲಿ.
ಅಂಗೈಯಲ್ಲಿ ಬೆಚ್ಚಗಾಗಿಸಿ, ಮುಚ್ಚಳ ಸರಿಸಿ, ಮೂಸಿ
ಹೇಳುತ್ತೇನೆ: ಇದರಲ್ಲಿ ಹಸಿ ಬಾದಾಮಿ, ಇದರಲ್ಲಿ ಟೊಮೆಟೊ ಎಲೆ,
ಇದೋ, ಮೂರು ದಿನ ಗೋಣಿಯಲ್ಲಿ ಮಲಗಿ ಬಂದ ಸೋಮಾರಿ ಕಾಯಿ.
ಹನ್ನೊಂದು ತಿಂಗಳು ನಾನು ಅಂದದ್ದೇ ಅಂತಿಮ.

ಆಮೇಲೆ ಮೇ.

ಗುಡ್ಡದಿಂದ ಗುಡ್ಡಕ್ಕೆ ಆಲಿವ್ ಮರಗಳ ಸಾಲು,
ಕಿರುಬೆರಳ ಉಗುರಿಗೂ ಸಮವಲ್ಲದ ಬಿಳಿ ಹೂ,
ಅದರ ಹಳದಿ ಹುಡಿ
ಕಾರಿನ ಗಾಜಿನ ಮೇಲೆ, ಒಣಹಾಕಿದ ಹೊದಿಕೆಯ ಮೇಲೆ,
ಮಲಗಿದ ನಾಯಿಯ ಬೆನ್ನಿನ ಮೇಲೆ.
ಅನ್ನ ಕೊಡುವ ಮರವೇ ಕಣ್ಣಿಗೆ ಖಾರ ಎರಚಿದರೆ
ಯಾರ ಹತ್ತಿರ ದೂರು ಹೇಳುವುದು?

ಮೊದಲ ಸೀನಿಗೆ ಎಲ್ಲರೂ "ಹೆಸೂಸ್" ಎನ್ನುತ್ತಾರೆ, ನಮ್ಮ ಕಡೆಯ ರೂಢಿ.
ನಾಲ್ಕನೆಯದಕ್ಕೆ ಗಾಣದ ಮೇಸ್ತ್ರಿ ಒಬ್ಬನೇ.
ಹನ್ನೊಂದನೆಯದಕ್ಕೆ
ಹೆಸರು ಕರೆಸಿಕೊಂಡವನಿಗೂ ಬೇಸರ.

ಅತ್ತೆ ಪ್ರಾಕ್ಸೆದೆಸ್‌ಗೆ ಎಂಬತ್ತಾರು.
ಹಲ್ಲು ನಾಲ್ಕು, ಅಭಿಪ್ರಾಯ ನಾನೂರು.
ಕಪಾಟಿನ ಬಾಗಿಲು ತೆರೆದು ನಿಂತರು:
"ವೈನ್ ಸಾಕು, ಕೆಂಪಂತೂ ಬೇಡವೇ ಬೇಡ.
ವರ್ಷಗಟ್ಟಲೆ ಮುದಿಯಾದ ಈ ಕುರಿಹಾಲಿನ ಚೀಸ್ ಬೇಡ.
ಪೀಚ್ ಹಣ್ಣು ಮುಟ್ಟಬೇಡ, ಹೋದ ವರ್ಷ ತುಟಿ ಊದಿದ್ದು ಮರೆತೆಯಾ?"
ನನ್ನ ಸಂಜೆಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬಿ
ಮಗನ ಕೈಗೆ ಕೊಟ್ಟರು.
ಸೆವೆರೊ ಬಹಳ ದುಃಖದಿಂದ ತಲೆಯಾಡಿಸಿದ.
ಆ ಚೀಸ್ ಆಮೇಲೆ ಯಾರಿಗೂ ಕಾಣಲಿಲ್ಲ.

ಕ್ಯಾಮೊಮೈಲ್ ಆದರೂ ಕುಡಿಯಲೇ ಎಂದು
ಔಷಧದಂಗಡಿಯ ನೀವೆಸ್‌ಳನ್ನು ಕೇಳಿದೆ.
"ಹೂವಿನ ಜೊತೆ ಜಗಳ ನಿನ್ನದು,
ಪಂಚಾಯಿತಿಗೆ ಇನ್ನೊಂದು ಹೂವನ್ನೇ ಕರೆಯುತ್ತೀಯಾ?
ಏನು ಬೇಕಾದರೂ ಕುಡಿ, ಆದರೆ ಎದೆ ಕಟ್ಟಿತೋ,
ಕಷಾಯ ಕೆಳಗಿಟ್ಟು ವೈದ್ಯರ ಹತ್ತಿರ ಓಡು."

ಅತ್ತೆ ಕೈಗವಸು ತೊಟ್ಟು ಹಿತ್ತಲಿಗೆ ನಡೆದರು.
ಹಳೆಯ ನೀರುತೊಟ್ಟಿಯ ಹಿಂದೆ ತುರಿಕೆ ಗಿಡ.
ಮುಟ್ಟಿದವರನ್ನು ಸುಡುವ ಸೊಪ್ಪು
ಕುದಿನೀರು ಬಿದ್ದದ್ದೇ ತಡ, ಹಲ್ಲು ಕಿತ್ತ ಹಾವು.
ಬೆಳಿಗ್ಗೆ ಒಂದು ಲೋಟ, ಮಲಗುವಾಗ ಒಂದು.
ಹುಲ್ಲಿನ ರುಚಿಯಂತೆ, ಕಬ್ಬಿಣದ ರುಚಿಯಂತೆ.
ನನಗೆ ಬಿಸಿ ಎಂಬುದಷ್ಟೇ ತಿಳಿಯಿತು.

ಮಧ್ಯಾಹ್ನಕ್ಕೆ ಈರುಳ್ಳಿ ಸಾರು,
ಮೇಲೆ ತೇಲುವ ಹಸಿರೆಣ್ಣೆ, ಅದೇ ಮರದ್ದು.
ಹೂವಾಗಿ ಹೊಡೆದದ್ದು ಹಣ್ಣಾಗಿ ಸವರುತ್ತದೆ.
"ಚೆನ್ನಾಗಿದೆ ಅತ್ತೆ," ದಿನಾ ಹೇಳಿದೆ,
ಮೂಗಿಲ್ಲದವಳ ಸೌಜನ್ಯ.

ವಾಸಿಯಾಯಿತೇ? ಸುಳ್ಳು ಹೇಳಲಾರೆ,
ಸುಳ್ಳು ಹೇಳದಿರುವುದೇ ನನ್ನ ಕಸುಬು.
ಇಪ್ಪತ್ತು ಸೀನು ಒಂಬತ್ತಕ್ಕಿಳಿಯಿತು.
ಅದು ಸೊಪ್ಪಿನ ಗುಣವೋ,
ವೈನ್ ಇಲ್ಲದೆ ಬಂದ ಗಟ್ಟಿ ನಿದ್ದೆಯೋ,
ಹತ್ತೊಂಬತ್ತನೇ ತಾರೀಖು ಸುರಿದು
ಹುಡಿಯನ್ನೆಲ್ಲ ಚರಂಡಿಗೆ ನೂಕಿದ ಮಳೆಯೋ,
ಯಾವ ನೀಲಿ ಬಟ್ಟಲಲ್ಲಿಟ್ಟು ಮೂಸಿ ಹೇಳಲಿ?

ಜೂನ್ ಎರಡು. ಲೋಟ ಎತ್ತಿದೆ.
ಹಬೆಯಲ್ಲಿ ಏನೋ ಅಲುಗಿತು.
ಒದ್ದೆ ಕಲ್ಲು. ತೊಟ್ಟಿಯ ಪಾಚಿ.
ಕೈಗವಸಿನ ಹಳೇ ಚರ್ಮ.
ಬಾಗಿಲ ಮರೆಯಲ್ಲಿ ನಿಂತ ಮಗುವಿನಂತೆ
ಒಂದೊಂದೇ ವಾಸನೆ ಇಣುಕಿ, ನಾಚಿ, ಒಳಗೆ ಬಂತು.
ಕಣ್ಣು ತುಂಬಿತು, ಈ ಸಲ ಹುಡಿಯಿಂದಲ್ಲ.
ಅವುಗಳ ಹಿಂದೆಯೇ ಇನ್ನೊಂದು, ಕಪ್ಪಗೆ, ಕಟುವಾಗಿ.
"ಅತ್ತೆ! ಈರುಳ್ಳಿ ಸೀಯುತ್ತಿದೆ!"

ಅವರು ಒಲೆಯಿಂದ ತಿರುಗಲೂ ಇಲ್ಲ.
"ಮೂರು ವಾರದಿಂದ ಸೀಯುತ್ತಲೇ ಇದೆ, ಒಬ್ದೂಲಿಯಾ.
ನೀನೇ ಚೆನ್ನಾಗಿದೆ ಅನ್ನುತ್ತಿದ್ದೆ."