ಗೋಡೆ ಬಿಡದ ಬಾಣ

ಅಕ್ಷರವೆಲ್ಲ ಫ್ಲೆಕ್ಸಿನವರ ಪಾಲಾದ ಮೇಲೆ
ದುರ್ಗದಲ್ಲಿ ನನಗೆ ಉಳಿದದ್ದು ಬಾಣ.
ಒಂದಕ್ಕೆ ನಲವತ್ತು ರೂಪಾಯಿ. ಬಣ್ಣ ಅವರದು,
ಏಣಿ ನನ್ನದು.

ನಮ್ಮ ತಾತ ಗಾದ್ರಪ್ಪ
ಬಿದಿರ ಕಡ್ಡಿಗೆ ಗರಿ ಕಟ್ಟುತ್ತಿದ್ದ ಕೈಯವನು.
ಆಸ್ಪತ್ರೆ ಗೋಡೆಗೆ ನಾನು ಬರೆದದ್ದು ನೋಡಿ ನಕ್ಕಿದ್ದ:
‘ನಮ್ಮ ಬಾಣ ತಾನೇ ಓಡ್ತಿತ್ತು ಪಾಲಯ್ಯ,
ನಿಂದು ನಿಂತಲ್ಲೇ ನಿಂತು
ಮಂದೀನ ಓಡಿಸ್ತದೆ.’

ಅದೇ ಗೋಡೆಯ ಒಂದೇ ಹಲಗೆಯಲ್ಲಿ
ಎಡಕ್ಕೆ ಬಾಣಂತಿಯರ ವಾರ್ಡು, ಬಲಕ್ಕೆ ಶವಾಗಾರ.
ಬಾಣಂತಿ ಎಂಬಲ್ಲಿ ಬಾಣ ಮಾತಿನೊಳಗೇ ಇದೆಯಲ್ಲ,
ಗುರುತು ಬೇರೆ ಯಾಕೆ ಅಂದೆ. ಕಂಟ್ರಾಕ್ಟರ್ ನಗಲಿಲ್ಲ.
ಎರಡಕ್ಕೂ ಒಂದೇ ಅಳತೆ, ಒಂದೇ ರೇಟು.

ಹೈಸ್ಕೂಲಿನ ಗೋಡೆಗೆ ಆಹಾರ ಸರಪಳಿ ಬರೆಯುವಾಗ
ಚಿರತೆಯಿಂದ ಜಿಂಕೆಗೆ, ಜಿಂಕೆಯಿಂದ ಹುಲ್ಲಿಗೆ ಬಿಟ್ಟೆ.
ಬೇಟೆಗಾರರ ಮೊಮ್ಮಗ, ಇನ್ನೇನು ಬರೆದೇನು?
ಶಕೀಲಾ ಮೇಡಂ ಸೀಮೆಸುಣ್ಣ ಹಿಡಿದೇ ಓಡಿ ಬಂದರು:
‘ತಿರುಗಿಸಿ, ತಿರುಗಿಸಿ! ಕೊಲ್ಲೋರ ಕಡೆಯಿಂದ ಅಲ್ಲ,
ಅನ್ನ ಯಾರ ಬಾಯಿಗೆ ಹೋಗ್ತದೋ ಆ ಕಡೆ.’
ಅರ್ಧ ಡಬ್ಬ ಬಿಳಿ ದಂಡವಾಯಿತು.
ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿ
ರೊಟ್ಟಿಯ ಬಾಣಕ್ಕೆ ಬಾಲ ಎಲ್ಲಿ ಎಂದು ಹುಡುಕುತ್ತ ಹೋದೆ.
ಒಲೆ, ಗಿರಣಿ, ಯಾರದೋ ಎರೆಹೊಲ...
ಮೂತಿ ಮಾತ್ರ ನನ್ನ ಕಡೆ.

ಅವರ ಕರಿಹಲಗೆಯಲ್ಲಿ ಇನ್ನೊಂದು ಥರದ್ದಿತ್ತು:
ಮೇಲೊಂದು ಹೋಗುವುದು, ಕೆಳಗೊಂದು ಬರುವುದು,
ಎರಡಕ್ಕೂ ಅರ್ಧರ್ಧ ಮೂತಿ.
ಹೋದಷ್ಟೇ ವಾಪಸ್ ಬರುತ್ತದಂತೆ,
ನೋಡುವವರಿಗೆ ಏನೂ ಆಗದ ಹಾಗೆ.
ನಮ್ಮ ಮನೆ ಇದೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಈಗ ಕೋಟೆಯ ಕೆಲಸ.
ಏಳು ಸುತ್ತು ಕಟ್ಟಿದವರು ದಾರಿ ತಪ್ಪಿಸಲೆಂದೇ ಕಟ್ಟಿದರು,
ನನಗೆ ಕೂಲಿ ತೋರಿಸುವುದಕ್ಕೆ.
ಸತ್ತವರ ಜಾಣತನವನ್ನು ಬಂಡೆಬಂಡೆಗೂ
ಕುಂಚದಿಂದ ಕೆಡಿಸುತ್ತ ಹತ್ತುತ್ತೇನೆ.

ಜೊತೆಗೊಂದು ಹುಕುಂ: ಪ್ರೇಮಿಗಳು ಗೀಚಿದ್ದನ್ನೆಲ್ಲ ಅಳಿಸು.
ಹೊಂಡದ ಹತ್ತಿರ ಒಂದು ಹೃದಯ,
ಒಳಗೆ ನಾಗವೇಣಿ. ಪಕ್ಕದ ಹೆಸರನ್ನು
ಮಳೆ ಉಜ್ಜಿತ್ತೋ, ಅವಳೇ ಉಜ್ಜಿದ್ದಳೋ.
ತಂತಿ ಬ್ರಶ್ಶಿನಲ್ಲಿ ಹೃದಯ ತೆಗೆದೆ,
ನಾಗವೇಣಿಯನ್ನೂ ತೆಗೆದೆ.
ಬಾಣ ಮಾತ್ರ ಬಿಟ್ಟೆ.
ಯಾವನೋ ಹುಡುಗ ಗೊತ್ತಿಲ್ಲದೆ ಎಳೆದದ್ದು
ನೆಟ್ಟಗೆ ಇಳಿಯುವ ದಾರಿಯ ಕಡೆಗೇ ಇತ್ತು.

ಅದರ ಮೇಲೊಂದು ಕೈ ಬಣ್ಣ ಹಚ್ಚಿ
ಲೆಕ್ಕದ ಚೀಟಿಯಲ್ಲಿ
ನಲವತ್ತು ಬರೆದುಕೊಂಡೆ.