ಕಾಲುಚೀಲದಲ್ಲಿ ಮುನ್ನೂರು ಸೋಲ್

ಲೀಮಾದಲ್ಲಿ ದುಡ್ಡಿಗೆ ಸೋಲ್ ಎನ್ನುತ್ತಾರೆ.
ಅವರ ಮಾತಿನಲ್ಲಿ ಅದು ಸೂರ್ಯ;
ನನ್ನ ಮಾತಿನಲ್ಲಿ ಏನೆಂದು
ಹೆರ್ಸನ್‌ಗೆ ಹೇಳುವುದಿಲ್ಲ.
ಹದಿನಾಲ್ಕು ತಿಂಗಳು, ಒಂದೊಂದೇ ಕೂಡಿಟ್ಟಿದ್ದಾನೆ
ತೂತುಬಿದ್ದ ಫುಟ್‌ಬಾಲ್ ಕಾಲುಚೀಲಕ್ಕೆ ಗಂಟುಹಾಕಿ.

ಜೂನ್. ಆಕಾಶ, ತೊಳೆಯದ ಅಲ್ಯೂಮಿನಿಯಂ ಪಾತ್ರೆ.
ಈ ಊರಲ್ಲಿ ಈಗ ಸೂರ್ಯರಿರುವುದು
ಆ ಕಾಲುಚೀಲದಲ್ಲಿ ಮಾತ್ರ.

ವ್ಯಾನಿನ ಬಾಗಿಲಿಗೆ ಜೋತುಬಿದ್ದು
"ಸೂಬೆ, ಸೂಬೆ", ಹತ್ತಿ, ಹತ್ತಿ ಎಂದು
ಕೂಗಿ ಕೂಗಿ ಅವನ ದನಿ ಜರಡಿ.
ಮೂವರ ಸೀಟಿಗೆ ನಾಲ್ವರು,
ಕೋಳಿಬುಟ್ಟಿಗೆ ಅರ್ಧ ಟಿಕೆಟ್ಟು.

ಪ್ರೊಸೆಸರ್ ಭಾವ ಕೊಟ್ಟದ್ದು, ಹಳೆಯ ಸಾಲಕ್ಕೆ ಬದಲು.
ಗ್ರಾಫಿಕ್ಸ್ ಕಾರ್ಡು, ಬಾಗಿಲು ಹಾಕಿದ ಇಂಟರ್ನೆಟ್ ಅಂಗಡಿಯದು,
ಎರಡರಲ್ಲಿ ಒಂದು ಫ್ಯಾನ್ ತಿರುಗದು.
ರ‍್ಯಾಮಿನ ಕಡ್ಡಿ ಎರಡು.
ಎಲ್ಲ ಮಂಚದಡಿ ಶೂ ಡಬ್ಬದಲ್ಲಿ,
ಮದುವೆಗೆ ಬಂದಿಳಿದು
ಛತ್ರವೇ ಗೊತ್ತಾಗಿಲ್ಲವೆಂದು ತಿಳಿದ
ನೆಂಟರ ಹಾಗೆ.

ವಿಲ್ಸನ್ ಬೀದಿ, ಮೂರನೆಯ ಮಹಡಿ.
ಹಣೆಗೆ ಭೂತಗನ್ನಡಿ ಕಟ್ಟಿಕೊಂಡ ಸೆನೈದಾ
ಬೆಸುಗೆಯ ಹೊಗೆಯಿಂದ ತಲೆಯೆತ್ತಿದಳು.
"ಎಷ್ಟಿದೆ?"
ಎಷ್ಟು ಬೇಕು ಎಂದಲ್ಲ.

ಮೊದಲನೆಯದು ಐನೂರ ನಲವತ್ತು.
ಅಂಚಿಗೆಲ್ಲ ಬಣ್ಣದ ದೀಪ.
"ದೀಪಕ್ಕೆ ನೂರು, ಹೆಸರಿಗೆ ನೂರು," ಎಂದು
ಅವಳೇ ಅದನ್ನು ಪಕ್ಕಕ್ಕೆ ಸರಿಸಿದಳು.

ಎರಡನೆಯದು ಹೊಸದು, ಸೀಲು ಒಡೆದಿಲ್ಲ,
ಇನ್ನೂರ ತೊಂಬತ್ತು. ರ‍್ಯಾಮಿಗೆ ಎರಡೇ ಮನೆ.
ಕರೆಂಟು ಹಂಚುವ ಚಿಪ್ಪುಗಳ ಮೇಲೆ
ತಗಡಿಲ್ಲ, ಟೋಪಿಯಿಲ್ಲ.
"ಈ ಚಳಿಗೆ ನಡೆಯುತ್ತೆ.
ಫೆಬ್ರವರಿಯ ಬಿಸಿಲಿಗೆ ಬಂದು ನನ್ನನ್ನು ಬೈಯುತ್ತೀ."

ಮೂರನೆಯದನ್ನು ಡ್ರಾಯರಿನಿಂದ ತೆಗೆದಳು,
ಸುದ್ದಿಪತ್ರಿಕೆಯಲ್ಲಿ ಸುತ್ತಿದ್ದು, ಮೀನಿನ ಹಾಗೆ.
ಯಾರೋ ಮೂರು ವರ್ಷ ಆಡಿದ್ದು.
ದಪ್ಪ ತಗಡು. ನಾಲ್ಕು ಮನೆ.
ಬೆಲೆ ಅದೇ.
"ಮೂರನೆಯ ಮನೆ ಸತ್ತಿದೆ.
ಹೇಳದೆ ಮಾರಬಹುದಿತ್ತು."

ಅವನು ಬೆಳಕಿಗೆ ಹಿಡಿದು ನೋಡಿದ.
ಸಣ್ಣ ಸಣ್ಣ ದಾರಿಗಳು, ಎಲ್ಲವೂ ಎಲ್ಲಿಗೋ ಹೊರಟಂತೆ;
ಎಲ್ಲೂ ಕೈ ಅಡ್ಡಹಾಕುವ ಪೊಲೀಸರಿಲ್ಲ.
"ಇದಕ್ಕೆ ತಾಯಿ ಹಲಗೆ ಅಂತ ಯಾಕೆ ಹೆಸರೋ,"
ಎಂದಳು ಸೆನೈದಾ, "ಇದು ಏನನ್ನೂ ಹೆರುವುದಿಲ್ಲ.
ಬಂದವರಿಗೆ ಜಾಗ ತೋರಿಸುತ್ತೆ,
ಒಬ್ಬರ ಕೈಯಿಂದ ಇಸಿದುಕೊಂಡು
ಇನ್ನೊಬ್ಬರಿಗೆ ದಾಟಿಸುತ್ತೆ, ಅಷ್ಟೇ."

ಹೆರ್ಸನ್ ನಕ್ಕ.
"ನಮ್ಮ ಗಾಡಿಯಲ್ಲೂ ಒಂದು ಸೀಟು ಮುರಿದಿದೆ.
ಇವತ್ತಿನವರೆಗೆ ಯಾರೂ
ಅದಕ್ಕಾಗಿ ಇಳಿದು ಹೋಗಿಲ್ಲ."

ಚೌಕಾಸಿಗೆ ಬಾಯಿ ತೆರೆಯುವ ಮುಂಚೆ
ಕಾಲುಚೀಲ ಬಿಚ್ಚಿಬಿಟ್ಟಿದ್ದ.
"ಚಿಲ್ಲರೆಯಾ!" ಅವಳ ಮುಖ ಅರಳಿತು.
ಬೆಳಗಿನಿಂದ ನೂರರ ನೋಟು ಹಿಡಿದವರೇ ಎಲ್ಲ.
ಚಿಲ್ಲರೆಯ ಪುಣ್ಯಕ್ಕೆ ಹತ್ತು ಬಿಟ್ಟಳು.
ಇಬ್ಬರೂ ಕೂತು ಎಣಿಸಿದರು, ಎರಡು ಸಲ.
ಲೆಕ್ಕ ಎರಡು ಸಲವೂ ಬೇರೆ ಬಂತು;
ಮೂರನೆಯ ಸಲ ಎಣಿಸಲಿಲ್ಲ.

ರಾತ್ರಿ. ಬೆಟ್ಟದ ಹಳದಿ ಮೆಟ್ಟಿಲು ನೂರ ಹದಿನೆಂಟು,
ಎದೆಗವಚಿದ ಪತ್ರಿಕೆಯ ಪೊಟ್ಟಣ.
ತಂಗಿ ಟಾರ್ಚು ಹಿಡಿದಳು, ಆಮೇಲೆ ನಿದ್ದೆಹೋದಳು,
ಟಾರ್ಚು ಹಿಡಿದುಕೊಂಡೇ.
ಮೊದಲ ಸಲ ಒತ್ತಿದಾಗ ಕತ್ತಲು.
ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ.
ಕತ್ತಲು.
ಒಂದು ಕಡ್ಡಿಯನ್ನು ಸತ್ತ ಮನೆಗೇ ಚುಚ್ಚಿದ್ದು
ಎರಡು ಗಂಟೆಯ ಮೇಲೆ ಹೊಳೆಯಿತು.

ಆಮೇಲೆ ಒಂದು ಕೀಚು ಸದ್ದು.
ಫ್ಯಾನ್ ಕೆಮ್ಮಿತು, ತಿರುಗಿತು.
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಒಳಗಿನ ಬ್ಯಾಟರಿ ಮುಗಿದಿದೆ,
ಇದು ಯಾವ ದಿನವೆಂದು ನನಗೆ ಗೊತ್ತಿಲ್ಲ,
ದಯವಿಟ್ಟು ತುಂಬಿ.

ದಿನ ತುಂಬಿದ. ತಿಂಗಳು, ವರ್ಷ ತುಂಬಿದ.
ಗಂಟೆಗೆಂದು ಫೋನ್ ನೋಡಿದರೆ
ನಾಲ್ಕೂ ಹತ್ತು.
ಕೆಳಗೆ, ಮಂಜಿನಲ್ಲಿ,
ವ್ಯಾನಿನ ಹಾರ್ನು ಆಗಲೇ ಎರಡು ಸಲ.